ತೆಳು ಸಾರಣಿ ಹಾಕಿ ವೀಣೆಯ ನಾದ ಬಿಡಿಸಿದ ಬಗೆ

ನಾದ ತುಂಬಿ ಬರಬೇಕಾದರೆ ದಪ್ಪ ತಂತಿ ಹಾಕಬೇಕು ಅನ್ನುವವರೇ ಎಲ್ಲ. ನಾನು ತೆಳುವಾಗಿಸಿದೆ. ಸಪ್ಪೆಯಾಗುತ್ತದೆ ಎಂದವರು ಈಗ ಗೇಜು (ತಂತಿಯ ದಪ್ಪದ ಸಂಖ್ಯೆ, ಅದು ಹೆಚ್ಚಿದಷ್ಟೂ ತಂತಿ ತೆಳು) ಕೇಳಿ ಬರೆದುಕೊಂಡು ಹೋಗುತ್ತಿದ್ದಾರೆ.

ವೀಣೆ ಬಿಳಿ ಮೂರರ (ಹಾರ್ಮೋನಿಯಂನ ಮೂರನೆಯ ಬಿಳಿ ಮನೆ, E) ಶ್ರುತಿಯದು. ಬಿರಡೆ ಕಡೆ ತಂತಿ ಕೂರುವ ಮೇರುವಿನಿಂದ ಕೊಡದ ಮೇಲೆ ತಂತಿ ಹೊರುವ ಕುದುರೆಗೆ ಸುಮಾರು 84 ಸೆಂ.ಮೀ. ನುಡಿಸುವ ತಂತಿ ನಾಲ್ಕು, ಮೇಲಿನ ಶ್ರುತಿಯಿಂದ ಕೆಳಕ್ಕೆ ಸಾರಣಿ, ಪಂಚಮ, ಮಂದ್ರ, ಅನುಮಂದ್ರ. ಸಾರಣಿಗೆ 28ನೇ ಗೇಜಿನ ಉಕ್ಕಿನ ತಂತಿ ಇತ್ತು. ಈ ಶ್ರುತಿಯಲ್ಲಿ ಅದೊಂದೇ ಹೆಚ್ಚುಕಡಿಮೆ ಏಳು ಕೆ.ಜಿ. ಎಳೆಯುತ್ತದೆ, ಅನುಮಂದ್ರದ 22ರ ಹಿತ್ತಾಳೆ ನಾಲ್ಕನ್ನೂ ಮುಟ್ಟುವುದಿಲ್ಲ. ಒಂದು ಪಕ್ಕದಲ್ಲೇ ಅಷ್ಟು ಭಾರ ಕೂತರೆ ಕೊಡದ ಮೇಲಿನ ಹಲಗೆ ಸರಾಗವಾಗಿ ಅದುರುವುದಿಲ್ಲ. ಈಗ ಸಾರಣಿ 30, ಪಂಚಮ 27, ಎರಡೂ ಉಕ್ಕು, ತಲಾ ಐದು ಕೆ.ಜಿ.ಗೆ ಸ್ವಲ್ಪ ಕಡಿಮೆ. ಮಂದ್ರಕ್ಕೆ 24ರ ಹಿತ್ತಾಳೆ, ಅದು ನಾಲ್ಕರ ಆಸುಪಾಸು. ಅನುಮಂದ್ರ ಹಳೆಯದೇ. ಗಮಕಕ್ಕೆ (ಸ್ವರ ತೂಗಿಸಲು) ಸಾರಣಿ ಎಳೆಯುವ ದೂರ ಮೊದಲಿನಷ್ಟೇ, ಬೇಕಾದ ಬಲ ಮಾತ್ರ ನೂರಕ್ಕೆ ಮೂವತ್ತರಷ್ಟು ಇಳಿಯಿತು. ಆದರೆ ಒರಟಾಗಿ ಮೀಟಿದರೆ ತೆಳು ತಂತಿ ಮೆಟ್ಟಿಲಿಗೆ (ಬೆರಳಿಂದ ತಂತಿ ಒತ್ತುವ ಲೋಹದ ಸರಳಿಗೆ) ಬಡಿಯುತ್ತದೆ, ಗಟ್ಟಿಯಾಗಿ ಒತ್ತಿದರೆ ಸ್ವರ ಏರುತ್ತದೆ. ಕೈ ಹಗುರವಾಗಲೇಬೇಕು.

ತಂತಿ ಬದಲಿಸಿ ಅಲ್ಲಿಗೇ ಬಿಟ್ಟಿದ್ದರೆ ಸಪ್ಪೆ ಎಂದವರ ಮಾತೇ ನಿಜವಾಗುತ್ತಿತ್ತು. ಕುದುರೆಯ ತಗಡು ಹಳೆಯ ದಪ್ಪಕ್ಕೆ ಸವೆದು ಗೀರು ಬಿದ್ದಿರುತ್ತದೆ, ತೆಳು ತಂತಿ ಆ ಗೀರಿನಲ್ಲಿ ಹೂತು ಕೂರುತ್ತದೆ. ನಯವಾದ ಉಪ್ಪುಕಾಗದದಿಂದ ಗೀರು ತೆಗೆದು ಹೊಳಪು ಕೊಟ್ಟೆ. ಆಮೇಲೆ ತಂತಿ ಏರಿಸಿಯೇ, ಕಾಯಿಸಿದ ಕಬ್ಬಿಣವನ್ನು ತಗಡಿಗೆ ತಾಗಿಸಿ, ಅದನ್ನು ಕುದುರೆಗೆ ಅಂಟಿಸಿದ ಅರಗು ಮೆತ್ತಗಾದಾಗ ತಗಡನ್ನು ಕೂದಲೆಳೆಯಷ್ಟು ಓರೆ ಮಾಡುತ್ತ ಮೀಟಿ ನೋಡಬೇಕು. ಮುಂದಂಚು ಎತ್ತರವಾದರೆ ನಾದ ಕಟ್ಟಿಕೊಳ್ಳುತ್ತದೆ, ತಂತಿಗೆ ಸಮನಾಗಿ ಚಪ್ಪಟೆಯಾದರೆ ಜುಯ್ ಎಂದು ಸ್ವರವನ್ನೇ ನುಂಗುತ್ತದೆ. ನಡುವಿನ ಆ ಜಾಗ ಸಿಕ್ಕ ಕೂಡಲೇ ಒದ್ದೆ ಬಟ್ಟೆ ಒತ್ತಿ ತಣಿಸಿ. ನಾಲ್ಕು ತಂತಿಗೂ ಒಂದೇ ಓರೆ ಒಗ್ಗಬೇಕು, ಇಡೀ ಕೆಲಸದಲ್ಲಿ ಸಮಯ ತಿನ್ನುವುದು ಇದೇ. ಅರಗಿಗೆ ನಾನು ಬೆರೆಸುವ ಪುಡಿಯೊಂದಿದೆ, ಅದು ನನ್ನಲ್ಲೇ ಇರಲಿ.

ಏರಿಸುವ ಮುನ್ನ ತಂತಿಯ ತುಂಡನ್ನು ಎರಡೂ ಕಡೆ ಬಿಗಿಹಿಡಿದು ಮೀಟಿ. ಅದುರುವಾಗ ಎರಡು ಅಂಚು ಸ್ಪಷ್ಟವಾಗಿ ಕಂಡರೆ ಒಳ್ಳೆಯದು. ಮೂರನೆಯ ಗೆರೆ ಕುಣಿದರೆ ಬಿಸಾಡಿ, ಅದು ಯಾವ ಮೆಟ್ಟಿಲಿನಲ್ಲೂ ಶ್ರುತಿ ಸೇರುವುದಿಲ್ಲ. ಲಂಗರಿನ (ಕುದುರೆಯ ಹಿಂದೆ ತಂತಿ ಕಟ್ಟುವ ಕೊಂಡಿಯ) ಕಡೆಯ ಹುರಿ ಕುದುರೆಗೆ ಒಂದಂಗುಲ ಮೊದಲೇ ಮುಗಿಯಬೇಕು.

ಗಿಟಾರಿನ ಕಂಚು ಸುತ್ತಿದ ತಂತಿಯನ್ನು ಮಂದ್ರಕ್ಕೆ ಹಾಕಿ ನೋಡಿದ್ದೂ ಉಂಟು. ಬಿರಡೆಗೆ ಎರಡು ಸುತ್ತು ಬರುವಷ್ಟೂ ಉದ್ದ ಉಳಿಯಲಿಲ್ಲ, ಸಾವಿರ ಚಿಲ್ಲರೆ ರೂಪಾಯಿ ಹೋಯಿತು. ಪಂಚಮಕ್ಕೆ ಹಿತ್ತಾಳೆ ಹಾಕಿದಾಗ ನಾದ ಬಲು ಮೃದು, ಆದರೆ ನಾಲ್ಕು ಗಮಕ ಎಳೆದರೆ ಶ್ರುತಿ ಇಳಿಯುತ್ತದೆ. ತಂಬೂರಿಯಂತೆ ತಂತಿಗೂ ಕುದುರೆಗೂ ನಡುವೆ ಜೀವದ ದಾರ ಇಟ್ಟರೆ ಬಿಡಿ ತಂತಿ ಹಾಡುತ್ತದೆ, ಮೇಲಿನ ಮೆಟ್ಟಿಲು ಒತ್ತಿದಾಗ ಓರೆ ಬದಲಾಗಿ ಸತ್ತುಹೋಗುತ್ತದೆ. ಪೊಟ್ಟಣದ ಬದಲು ಸುರುಳಿಯಲ್ಲಿ ತಂತಿ ಕೊಂಡರೆ ಖರ್ಚು ಕಡಿಮೆ.

ಮೇಳದ ಮೇಣ (ಮೆಟ್ಟಿಲುಗಳನ್ನು ಕೂರಿಸಿದ ಮೇಣ) ಮುಟ್ಟುವ ಮೊದಲು, ಪಕ್ಕದ ಮೂರು ತಾಳದ ತಂತಿಯೂ ಸೇರಿ ಏಳೂ ತಂತಿ ಶ್ರುತಿಯಲ್ಲಿ ಎರಡು ದಿನ ನಿಲ್ಲಲಿ. ತಾಳದ ತಂತಿ ಸಡಿಲವಿದ್ದಾಗ ಕೂರಿಸಿದ ಮೆಟ್ಟಿಲು, ಅವನ್ನು ಬಿಗಿದ ಮೇಲೆ ಸರಿಯಿರುವುದಿಲ್ಲ.