ಪಂಪನ್ನ ಕೈಲಿ ಹಿಡ್ಕೊಂಡೇ ತತ್ತ್ವಾರ್ಥಸೂತ್ರ ಓದಿದ್ದು

ನಾನು ಪಿಯು ಕಾಲೇಜಲ್ಲಿ ಕನ್ನಡ ಪಾಠ ಮಾಡೋಳು. ಜೈನರ ಮನೆಯವಳಲ್ಲ, ಸಂಸ್ಕೃತ ಅಷ್ಟಕ್ಕಷ್ಟೇ, ಪ್ರಾಕೃತದ ಗಂಧಗಾಳಿನೂ ಇರ್ಲಿಲ್ಲ. ಆದಿಪುರಾಣ ಓದ್ತಾ ಇದ್ರೆ ಕಥೆ ಪದ್ಯ ಎಲ್ಲಾ ಹೇಗೋ ಸಾಗೋದು, ಆದ್ರೆ ಪಲ್ಯ, ಸಾಗರ, ಸಮ್ಯಕ್ತ್ವ, ಆಯುಷ್ಯಕರ್ಮ ಅಂತ ಬಂದ ತಕ್ಷಣ ಗಾಡಿ ನಿಂತುಬಿಡೋದು, ಟಿಪ್ಪಣಿ ನೋಡಿದ್ರೆ "ಜೈನ ಪಾರಿಭಾಷಿಕ ಪದ" ಅಂತ ಒಂದು ಸಾಲು ಅಷ್ಟೇ. ಹಾಗಾಗಿ ಮೈಸೂರಲ್ಲಿ ರಿಟೈರ್ ಆಗಿದ್ದ ಒಬ್ಬ ಪ್ರಾಕೃತದ ಮೇಷ್ಟ್ರ ಹತ್ರ ಹೋದೆ. ಹೆಸರು ಹಾಕಬೇಡ ಅಂದಿದಾರೆ, ಅದಕ್ಕೆ ಮೇಷ್ಟ್ರು ಅಂತಷ್ಟೇ ಬರೀತೀನಿ. ಜೈನದರ್ಶನದ ಬಗ್ಗೆ ನನಗೆ ಏನಾದ್ರೂ ನಾಲ್ಕು ಮಾತು ಗೊತ್ತಿದೆ ಅಂದ್ರೆ ಅದು ಅವರು ಓದಿಸಿದ ರೀತಿಯಿಂದಾನೇ.

ನನಗಿದ್ದ ಆಸೆ ಶುದ್ಧ ಆತ್ಮದ ಬಗ್ಗೆ ಹೇಳೋ ಕುಂದಕುಂದರ ಪ್ರಾಕೃತ ಗ್ರಂಥ ಸಮಯಸಾರಕ್ಕೇ ನೇರ ಕೈ ಹಾಕಬೇಕು ಅಂತ. ಮೇಷ್ಟ್ರು ಬೇಡ ಅನ್ಲಿಲ್ಲ, "ಆಮೇಲೆ ನೋಡೋಣಮ್ಮ" ಅಂದು ನೇಮಿಚಂದ್ರರ ದ್ರವ್ಯಸಂಗ್ರಹ ಕೊಟ್ರು. 58 ಗಾಹೆ (ಪ್ರಾಕೃತ ಪದ್ಯ), ಚಿಕ್ಕದು, ಆರು ದ್ರವ್ಯ (ಅಂದ್ರೆ ಮೂಲವಸ್ತುಗಳು) ಏಳು ತತ್ತ್ವ ಎಲ್ಲಾ ಒಂದು ರೌಂಡ್ ಪರಿಚಯ ಆಗುತ್ತೆ, ಅದ್ರ ಬಗ್ಗೆ ಜಾಸ್ತಿ ಹೇಳೋದೇನಿಲ್ಲ. ನಿಜವಾದ ಓದು ಶುರುವಾಗಿದ್ದು ತತ್ತ್ವಾರ್ಥಸೂತ್ರದಿಂದ, ಜೈನದರ್ಶನವನ್ನೆಲ್ಲ ಪುಟ್ಟ ಪುಟ್ಟ ಸಂಸ್ಕೃತ ಸೂತ್ರಗಳಲ್ಲಿ ಹೇಳೋ ಗ್ರಂಥ ಅದು. ಹತ್ತು ಅಧ್ಯಾಯ, ದಿಗಂಬರ ಪಾಠದಲ್ಲಿ 357 ಸೂತ್ರ. ಜೊತೆಗೆ ಪೂಜ್ಯಪಾದರ ಸರ್ವಾರ್ಥಸಿದ್ಧಿ ಟೀಕೆ. ಆ ಟೀಕೆ ಶುರುವಾಗೋದೇ ಒಬ್ಬ ಭವ್ಯ ಜೀವ (ಮೋಕ್ಷಕ್ಕೆ ಯೋಗ್ಯನಾದವನು) ಆಚಾರ್ಯರ ಹತ್ರ ಬಂದು ಆತ್ಮಕ್ಕೆ ಹಿತ ಯಾವುದು ಅಂತ ವಿನಯದಿಂದ ಕೇಳೋದ್ರಿಂದ. ಪೂಜ್ಯಪಾದರು ಸುಮಾರು ಕಡೆ ಹೀಗೇ, ಮೊದಲು ಒಂದು ಅನುಮಾನ ಎತ್ತಿ ಅದಕ್ಕೆ ಉತ್ತರವಾಗಿ ಸೂತ್ರ ತರ್ತಾರೆ. ಮೇಷ್ಟ್ರು ಅದನ್ನೇ ನನಗೆ ಎಕ್ಸರ್‌ಸೈಜ್ ಮಾಡಿಬಿಟ್ರು. ಮುಂದಿನ ಸೂತ್ರದ ಮೇಲೆ ಒಂದು ಕಾರ್ಡ್ ಮುಚ್ಚಿ, "ಇಲ್ಲೀವರೆಗೆ ಓದಿದೋರಿಗೆ ಈಗ ಏನು ಡೌಟ್ ಬರಬೇಕು ಹೇಳು" ಅನ್ನೋರು, ನಾನು ಏನೋ ಒಂದು ಹೇಳೋವರೆಗೂ ಕಾರ್ಡ್ ತೆಗೀತಿರ್ಲಿಲ್ಲ.

ಐದನೇ ಅಧ್ಯಾಯದಲ್ಲಿ ಇದು ಹೇಗೆ ಕೆಲಸ ಮಾಡುತ್ತೆ ನೋಡಿ. ದ್ರವ್ಯದ ಲಕ್ಷಣ ಸತ್ ಅಂತಾನೆ ಸೂತ್ರಕಾರ. ಸರಿ, ಸತ್ ಅಂದ್ರೇನು? ಕಾರ್ಡ್ ತೆಗೆದ್ರೆ "ಉತ್ಪಾದವ್ಯಯಧ್ರೌವ್ಯಯುಕ್ತಂ ಸತ್", ಅಂದ್ರೆ ಹುಟ್ಟೋದು ಅಳಿಯೋದು ಉಳಿಯೋದು ಮೂರೂ ಇರೋದೇ ಸತ್. ಅಲ್ಲಾ ಸ್ವಾಮಿ, ಅಳಿಯೋದು ಅಂದ್ಮೇಲೆ ನಿತ್ಯ ಹೇಗಾಗುತ್ತೆ? ತನ್ನ ಸ್ವಭಾವ ಬಿಡದೇ ಇರೋದೇ ನಿತ್ಯ ಅಂತ ಮುಂದಿನದು. ಹಾಗಾದ್ರೆ ಒಂದೇ ವಸ್ತು ನಿತ್ಯಾನೂ ಹೌದು ಅನಿತ್ಯಾನೂ ಹೌದು ಅಂದ್ರೆ ವಿರೋಧ ಅಲ್ವಾ? ಅದಕ್ಕೆ ಒಂದೇ ಪದದ ಸೂತ್ರ, "ಅರ್ಪಿತಾನರ್ಪಿತಸಿದ್ಧೇಃ". ಯಾವುದನ್ನ ಮುಂದಿಟ್ಟು ಮಾತಾಡ್ತಿದೀವಿ, ಯಾವುದನ್ನ ಸದ್ಯಕ್ಕೆ ಪಕ್ಕಕ್ಕಿಟ್ಟಿದೀವಿ ಅನ್ನೋದ್ರ ಮೇಲೆ ಎರಡೂ ನಿಲ್ಲುತ್ತೆ. ಒಬ್ಬನೇ ದೇವದತ್ತ ಮಗನಿಗೆ ಅಪ್ಪ, ಅಪ್ಪನಿಗೆ ಮಗ ಅಂತ ಟೀಕೆ ಹೇಳುತ್ತೆ. ಹೀಗೆ ಒಂದೇ ವಸ್ತುವಿಗೆ ಹಲವು ಮುಖ ಇದೆ ಅನ್ನೋದೇ ಅನೇಕಾಂತ. ಅನೇಕಾಂತ ಅಂದ್ರೆ ಎಲ್ಲರೂ ಹೇಳೋದೂ ಸರಿ ಅಂತ ಸುಮ್ನಿರೋದು ಅಂತ ಭಾಷಣ ಮಾಡೋರಿಗೆ ಈ ನಾಲ್ಕು ಸೂತ್ರ ವರಸೆಯಾಗಿ ಓದಿಸಬೇಕು ಅನ್ಸುತ್ತೆ.

ಆದ್ರೆ ನನಗೆ ಎಲ್ಲಕ್ಕಿಂತ ಉಪಕಾರ ಆಗಿದ್ದು ಇನ್ನೊಂದು. ಸೂತ್ರ ಓದ್ತೀಯ ಅಂತ ಪಂಪನ್ನ ಕಪಾಟಿಗೆ ಸೇರಿಸಬೇಡ, ಜೊತೇಲೇ ತಗೊಂಡ್ ಬಾ ಅಂದಿದ್ರು. ಒಂದು ಸಲ ಆದಿಪುರಾಣದಲ್ಲಿ ದೇವಲೋಕದ ನರ್ತಕಿ ನೀಲಾಂಜನೆಯ ನೃತ್ಯದ ಭಾಗ ಓದಿಸಿದ್ರು. ನಿಮಗೆ ಗೊತ್ತೇ ಇರುತ್ತೆ, ಕುಣೀತಾ ಕುಣೀತಾನೇ ಅವಳ ಆಯುಷ್ಯ ಮುಗಿಯುತ್ತೆ, ರಸಭಂಗ ಆಗಬಾರದು ಅಂತ ಇಂದ್ರ ಅದೇ ಕ್ಷಣಕ್ಕೆ ಅವಳಂಥವಳನ್ನೇ ಇನ್ನೊಬ್ಬಳನ್ನ ನಿಲ್ಲಿಸ್ತಾನೆ, ಸಭೇಲಿ ಯಾರಿಗೂ ಗೊತ್ತಾಗಲ್ಲ, ಮೊದಲ ತೀರ್ಥಂಕರನಾಗಲಿರೋ ಆದಿದೇವನೊಬ್ಬನಿಗೆ ಬಿಟ್ಟು. ಇದನ್ನ ಕ್ಲಾಸಲ್ಲಿ ನಾನು ಎಷ್ಟು ಸಲ ಪಾಠ ಮಾಡಿದ್ದೆನೋ. ಮೇಷ್ಟ್ರು ಕೇಳಿದ್ದು ಒಂದೇ, "ಹೆಣ ಯಾಕಮ್ಮ ಬೀಳ್ಲಿಲ್ಲ?"

ಉತ್ತರ ತತ್ತ್ವಾರ್ಥಸೂತ್ರದ ಎರಡನೇ ಅಧ್ಯಾಯದಲ್ಲಿದೆ. ಶರೀರ ಐದು ಬಗೆ, ನಮ್ಮದು ಔದಾರಿಕ (ಸ್ಥೂಲ ಶರೀರ), ದೇವತೆಗಳದ್ದು ವೈಕ್ರಿಯಿಕ (ಬೇಕಾದ ರೂಪ ತಾಳೋ ಶರೀರ), ಅವರು ಗರ್ಭದಲ್ಲಿ ಹುಟ್ಟೋರಲ್ಲ, ಆಯುಸ್ಸು ಇಷ್ಟೇ ಅಂತ ನಿರ್ಧರಿಸೋ ಆಯುಷ್ಯಕರ್ಮ ತೀರಿದ್ರೆ ನಮ್ಮ ಹಾಗೆ ಹೆಣ ಬಿಟ್ಟು ಹೋಗೋರೂ ಅಲ್ಲ. ಅದಕ್ಕೇ ಇಂದ್ರನ ಕೈಚಳಕ ನಡೀತು. ಹೋಗಿದ್ದು ದೇವಪರ್ಯಾಯ, ಅಂದ್ರೆ ದೇವತೆಯಾಗಿದ್ದ ಅವಸ್ಥೆ ಅಷ್ಟೇ, ಜೀವದ್ರವ್ಯ ತೈಜಸ ಕಾರ್ಮಣ ಅನ್ನೋ ಸೂಕ್ಷ್ಮ ಶರೀರಗಳ ಜೊತೆ ಮುಂದಿನ ಗತಿಗೆ ಹೊರಟಿದೆ. ಉತ್ಪಾದ ವ್ಯಯ ಧ್ರೌವ್ಯ ಮೂರೂ ಆ ರಂಗದ ಮೇಲೇ ಇತ್ತು! ಪಂಪ ಇದನ್ನ ಬಿಡಿಸಿ ಹೇಳೋಕೆ ಹೋಗಲ್ಲ, ಅವನ ಕೇಳುಗರಿಗೆ ಗೊತ್ತಿತ್ತು. ನಮಗೆ ಗೊತ್ತಿಲ್ಲ ಅಷ್ಟೇ. ಅಲ್ಲಿಂದ ಮುಂದೆ ಆದಿಪುರಾಣದಲ್ಲಿ ಎಲ್ಲಿ ಸಿಕ್ಕಿಹಾಕ್ಕೊಂಡ್ರೂ ಮಾರ್ಜಿನಲ್ಲಿ ಸೂತ್ರದ ನಂಬರ್ ಬರೆಯೋ ಅಭ್ಯಾಸ ಮಾಡ್ಕೊಂಡೆ, ಹೊಸದಾಗಿ ಓದೋರಿಗೆ ನಾನು ಹೇಳೋದೂ ಇದನ್ನೇ.

ಸಮಯಸಾರ ಯಾಕೆ ತಡ ಮಾಡಿಸಿದ್ರು ಅಂತ ಒಂದಿನ ಕೇಳೇಬಿಟ್ಟೆ. ಅದಕ್ಕವರು ಬನಾರಸೀದಾಸನ ಕಥೆ ಹೇಳಿದ್ರು. 17ನೇ ಶತಮಾನದ ಆಗ್ರಾದ ವ್ಯಾಪಾರಿ, 1641ರಲ್ಲಿ ಅರ್ಧಕಥಾನಕ ಅಂತ ಆತ್ಮಕಥೆ ಬರೆದವನು. ಸಮಯಸಾರ ಓದಿ, ಶುದ್ಧ ಆತ್ಮಕ್ಕೆ ಬಂಧಾನೇ ಇಲ್ಲ ಅಂದ್ಮೇಲೆ ಪೂಜೆ ವ್ರತ ಯಾಕೆ ಅಂತ ಎಲ್ಲಾ ಬಿಟ್ಟು ಗೆಳೆಯರ ಜೊತೆ ಅದನ್ನೆಲ್ಲ ಆಡ್ಕೊಂಡು ವರ್ಷಗಟ್ಟಲೆ ಅತ್ತಲೂ ಇಲ್ಲ ಇತ್ತಲೂ ಇಲ್ಲ ಅನ್ನೋ ಹಾಗಿದ್ದ, ಆಮೇಲೆ ರೂಪಚಂದ್ ಅನ್ನೋ ಪಂಡಿತರು ಆಗ್ರಾಗೆ ಬಂದು ಗೊಮ್ಮಟಸಾರ ವಿವರಿಸಿ, ಗುಣಸ್ಥಾನಕ್ಕೆ, ಅಂದ್ರೆ ಆತ್ಮ ಏರೋ ಮೆಟ್ಟಿಲಿಗೆ, ತಕ್ಕ ಹಾಗೆ ಆಚರಣೆ ಇರುತ್ತೆ ಅಂತ ತೋರಿಸಿದ್ಮೇಲೇ ದಾರಿಗೆ ಬಂದಿದ್ದು. ಗೊಮ್ಮಟಸಾರ ಅಂದ್ರೆ ನಮ್ಮ ಚಾವುಂಡರಾಯನಿಗೋಸ್ಕರ ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳು ಬರೆದಿದ್ದು. ಆಗ್ರಾದವನನ್ನ ನಮ್ಮ ಕಡೆ ಪುಸ್ತಕ ಸರಿಮಾಡ್ತು ಅಂತ ಹೇಳೋವಾಗ ಮೇಷ್ಟ್ರ ಮುಖ ನೋಡಬೇಕಿತ್ತು.

ಈಗ ಗೊಮ್ಮಟಸಾರದ ಜೀವಕಾಂಡ ಭಾಗ ನಡೀತಿದೆ, ಜೊತೆಜೊತೆಗೆ ಸಮಯಸಾರಾನೂ. ಹೋದ ವರ್ಷ ನನ್ನ ನೋಟ್ಸ್ ಎಲ್ಲಾ ಸೇರಿಸಿ ವಿದ್ಯಾರ್ಥಿಗಳಿಗೆ ಅಂತ ಚಿಕ್ಕ ಪುಸ್ತಿಕೆ ಮಾಡಿದೆ, ಮುಂದೆ ಒಂದು ಪುಟ ಅವರಿಗೆ ಕೃತಜ್ಞತೆ, ಅವರ ಬಿಳಿ ಪಂಚೆ, ಮೆಲುದನಿ, ಮನೆ ತುಂಬಾ ಪುಸ್ತಕ ಎಲ್ಲಾ ಬರೆದಿದ್ದೆ. ಓದಿ ನಕ್ಕು ಸಮಯಸಾರದ ಗಾಹೆ ತೆಗೆದ್ರು: ಊರನ್ನ ವರ್ಣಿಸಿದ್ರೆ ರಾಜನನ್ನ ವರ್ಣಿಸಿದ ಹಾಗಾಗಲ್ಲ, ಹಾಗೇ ದೇಹವನ್ನ ಹೊಗಳಿದ್ರೆ ಕೇವಲಿಯನ್ನ (ಪೂರ್ಣಜ್ಞಾನ ಪಡೆದವನನ್ನ) ಹೊಗಳಿದ ಹಾಗಾಗಲ್ಲ. "ನಾನು ಕೇವಲಿ ಅಲ್ಲ ಬಿಡು, ಆದ್ರೂ ನೀನು ಬರೆದಿರೋದು ಬರೀ ಊರು" ಅಂತ ಪೂರ್ತಿ ಹೊಡೆದುಹಾಕಿದ್ರು. ವ್ಯವಹಾರನಯದಿಂದ, ಅಂದ್ರೆ ಲೋಕರೂಢಿಯ ದೃಷ್ಟಿಯಿಂದ, ಹೊಗಳಬಹುದು ಅಂತ ಅದೇ ಪ್ರಕರಣದಲ್ಲಿದೆಯಲ್ಲ ಮೇಷ್ಟ್ರೇ ಅಂದೆ. ಸ್ವಲ್ಪ ಹೊತ್ತು ಯೋಚಿಸಿ ಒಂದು ವಾಕ್ಯ ಉಳಿಸೋಕೆ ಒಪ್ಪಿದ್ರು, ಗೊಮ್ಮಟಸಾರದ ಸಂಪುಟಗಳನ್ನ ಓದಲು ಕೊಟ್ಟರು ಅನ್ನೋದು. ಅದರ ಪಕ್ಕ ಪೆನ್ಸಿಲಲ್ಲಿ "ಇನ್ನೂ ವಾಪಸ್ ಬಂದಿಲ್ಲ" ಅಂತ ಅವರೇ ಸೇರಿಸಿದ್ರು, ನಾನು ಅದನ್ನೂ ಪ್ರಿಂಟ್ ಮಾಡ್ಸಿದೀನಿ.