ಶಾಲೆಯಲ್ಲಿ ಏನೋ ಸರಿ ಇಲ್ಲ ಅನಿಸಿದರೆ ಯಾರ ಹತ್ತಿರ ಹೇಳಬೇಕು?

ಮೊದಲು ಕ್ಲಾಸ್ ಟೀಚರ್ ಹತ್ತಿರವೇ ಮಾತಾಡಿ. ಬೆಳಿಗ್ಗೆ ಬೆಲ್ ಹೊಡೆಯುವ ಹೊತ್ತಿಗೆ ಗೇಟಲ್ಲಿ ಹಿಡಿಯಬೇಡಿ, ಆಗ ಅವರ ಸುತ್ತ ಮಕ್ಕಳ ಗಲಾಟೆ. ಸಂಜೆ ಬರಬಹುದಾ ಅಂತ ಕೇಳಿ ಹೋಗಿ. "ನೀವು ಬೈದಿರಂತೆ" ಅಂತ ಶುರು ಮಾಡಿದರೆ ಮಾತು ಅಲ್ಲೇ ಕೆಡುತ್ತದೆ; "ಮೇಡಂ, ಸೋಮವಾರದಿಂದ ಊಟದ ಡಬ್ಬಿ ಹಾಗೇ ವಾಪಸ್ ಬರ್ತಿದೆ, ಕ್ಲಾಸಲ್ಲಿ ಹೇಗಿದ್ದಾನೆ?" ಅಂತ ಕೇಳಿ ನೋಡಿ, ಅವರೂ ನಾಲ್ಕು ಮಾತು ಹೇಳುತ್ತಾರೆ. ವಾಟ್ಸಾಪ್ ಗ್ರೂಪಿಗೆ ಮಾತ್ರ ಹಾಕಬೇಡಿ, ಮಗುವಿನ ಹೆಸರು ಊರೆಲ್ಲ ಸುತ್ತುತ್ತದೆ.

ಬಗೆಹರಿಯಲಿಲ್ವಾ? ಮುಖ್ಯ ಶಿಕ್ಷಕರಿಗೆ ತಾರೀಖು ಹಾಕಿ ಅರ್ಜಿ ಕೊಡಿ, ಇನ್ನೊಂದು ಪ್ರತಿಗೆ ಸಹಿ, ಸೀಲು ಹಾಕಿಸಿಕೊಳ್ಳಿ. ಸರ್ಕಾರಿ ಶಾಲೆಯಾದರೆ ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ ಇದೆ, ಅದರಲ್ಲಿ ಜಾಸ್ತಿ ಜನ ನಿಮ್ಮ ಹಾಗೇ ಪಾಲಕರು. ಆಮೇಲೆ ತಾಲೂಕಿನ ಬಿಇಒ, ಅಂದರೆ ಕ್ಷೇತ್ರ ಶಿಕ್ಷಣಾಧಿಕಾರಿ. ಅದಕ್ಕೂ ಮೇಲೆ ಡಿಡಿಪಿಐ, ಅಂದರೆ ಶಿಕ್ಷಣ ಇಲಾಖೆಯ ಉಪನಿರ್ದೇಶಕರು. ನಮ್ಮ ಉತ್ತರ ಕನ್ನಡದಲ್ಲಿ ಶಿರಸಿ, ಸಿದ್ದಾಪುರ, ಯಲ್ಲಾಪುರದವರಿಗೆ ಶಿರಸಿಯಲ್ಲೇ ಕಚೇರಿ, ಸುಮ್ನೆ ಘಟ್ಟ ಇಳಿಯಬೇಡಿ, ಕುಮಟಾ, ಅಂಕೋಲಾ ಕಡೆಯವರಿಗೆ ಕಾರವಾರ.

ಆದರೆ ಮಗುವಿಗೆ ಹೊಡೆದಿದ್ದರೆ, ಹಿಂಸೆ ಕೊಟ್ಟಿದ್ದರೆ ಒಂದೊಂದೇ ಮೆಟ್ಟಿಲು ಹತ್ತುತ್ತ ಕೂರಬೇಡಿ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಅದನ್ನು ನಿಷೇಧಿಸಿದೆ. ಮಕ್ಕಳ ಸಹಾಯವಾಣಿ 1098ಕ್ಕೆ ಅವತ್ತೇ ಫೋನ್ ಮಾಡಿ.