ಕಲ್ಲಚ್ಚಿನ ಎಲುಬುಗಳು: ನನ್ನ ಸಂಗ್ರಹದ ಅನುಭವ

ಪಳೆಯುಳಿಕೆಗಳ ಹಳೇ ಲಿಥೋಗ್ರಾಫ್, ಅಂದರೆ ಕಲ್ಲಿನ ಮೇಲೆ ಚಿತ್ರ ಬರೆದು ತೆಗೆದ ಕಲ್ಲಚ್ಚು, ಕೈಗೆ ಬಂದರೆ ನಾನು ಮೊದಲು ನೋಡುವುದು ಹಾಳೆಯ ಕೆಳಗಿನ ಅಂಚು. ಅಲ್ಲಿ ಸಣ್ಣ ಅಕ್ಷರಗಳಿರುತ್ತವೆ. ‘ಡೆಲ್.’ ಎಂದರೆ ಚಿತ್ರ ಬರೆದವರು, ‘ಲಿತ್.’ ಎಂದರೆ ಕಲ್ಲಿನ ಮೇಲೆ ಇಳಿಸಿದವರು, ‘ಇಂಪ್.’ ಎಂದರೆ ಅಚ್ಚು ಹಾಕಿದವರು. ಚೌಕಟ್ಟಿಗೆ ಹೊಂದಿಸಲು ಯಾರೋ ಈ ಅಂಚನ್ನೇ ಕತ್ತರಿಸಿದ್ದರೆ, ಎಷ್ಟೇ ಅಗ್ಗವಾದರೂ ನಾನು ಕೊಳ್ಳುವುದಿಲ್ಲ.

ಆಮೇಲೆ ಭೂತಗನ್ನಡಿ. ಜಿಡ್ಡಿನ ಬಳಪದಲ್ಲಿ ಬರೆದದ್ದಾದರೆ ಕಪ್ಪು ಕಣಗಳು ಅಡ್ಡಾದಿಡ್ಡಿ ಚೆಲ್ಲಿದಂತೆ ಕಾಣುತ್ತವೆ. ಚುಕ್ಕಿಗಳು ಸಾಲಾಗಿ ನಿಂತಿದ್ದರೆ ಅದು ಆಮೇಲಿನ ಮರುಮುದ್ರಣ. ತಾಮ್ರದ ತಗಡಿನ ಅಚ್ಚಿಗೆ ಚಿತ್ರದ ಸುತ್ತ ತಗಡು ಒತ್ತಿದ ಗುರುತು ಇರುತ್ತದೆ, ಕಲ್ಲಚ್ಚಿಗೆ ಇರುವುದಿಲ್ಲ.

ನನಗೆ ಜಾಸ್ತಿ ಇಷ್ಟ ಹಿಮಾಲಯದ ತಪ್ಪಲಿನ ಶಿವಾಲಿಕ್ ಬೆಟ್ಟಗಳ ಪುರಾತನ ಪ್ರಾಣಿಗಳು. ಬ್ರಿಟಿಷರಾದ ಹ್ಯೂ ಫಾಲ್ಕನರ್ ಮತ್ತು ಪ್ರೋಬಿ ಕಾಟ್ಲಿ ಅಲ್ಲಿ ಅಗೆದು ತೆಗೆದ ಎಲುಬುಗಳನ್ನು ‘ಫೌನಾ ಆಂಟಿಕ್ವಾ ಸಿವಾಲೆನ್ಸಿಸ್’ ಎಂಬ ದೊಡ್ಡ ಗ್ರಂಥದಲ್ಲಿ 1845ರಿಂದ ಪ್ರಕಟಿಸಿದರು. ಚಿತ್ರಗಳು ಜಿ. ಎಚ್. ಫೋರ್ಡ್ ಅವರದು. ಅದರಲ್ಲಿನ ಆನೆ, ಇಂದಿನ ಹೆಸರಿನಲ್ಲಿ ಸ್ಟೆಗೊಡಾನ್ ಗಣೇಶ, ನೋಡಬೇಕು! ಎರಡು ದಂತಗಳೂ ಎಷ್ಟು ಒತ್ತಾಗಿವೆ ಅಂದರೆ, ನಡುವೆ ಸೊಂಡಿಲು ತೂರಲು ಜಾಗವೇ ಇಲ್ಲ. ತಲೆಬುರುಡೆಯ ಒಂದೊಂದು ಬಿರುಕನ್ನೂ ಫೋರ್ಡ್ ಬಿಟ್ಟಿಲ್ಲ. ನಮ್ಮ ಮಂಗಳೂರಿನಲ್ಲಿ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ ಕಲ್ಲಚ್ಚಿನಲ್ಲಿ ಹೊರಬಂದದ್ದು 1843ರಲ್ಲಿ, ಹೆಚ್ಚುಕಡಿಮೆ ಅದೇ ಕಾಲ ಅಲ್ವಾ!

ಕಲ್ಲಿನ ಮೇಲೆ ನೇರವಾಗಿ ಬರೆದರೆ ಅಚ್ಚಿನಲ್ಲಿ ಎಡ ಬಲವಾಗುತ್ತದೆ. ಹಾಗಾಗಿ ಕಲಾವಿದ ತಿರುಗುಮುರುಗಾಗಿ ಬರೆಯಬೇಕಿತ್ತು. ಹಾಗೆ ಬರೆಯದಿದ್ದರೆ ಎಡದವಡೆ ಬಲದವಡೆಯಂತೆ ಕಾಣುತ್ತದೆ. ಅದಕ್ಕೇ ಚಿತ್ರದ ಜೊತೆ ವಿವರಣೆಯ ಪುಟವೂ ಸಿಕ್ಕರೆ ನಾನು ಸ್ವಲ್ಪ ಹೆಚ್ಚು ಕೊಟ್ಟಾದರೂ ಕೊಳ್ಳುತ್ತೇನೆ.

ಇದಕ್ಕೆ ಒಳ್ಳೆಯ ಕಲ್ಲು ಅಂದರೆ ಬವೇರಿಯಾದ ಸೋಲ್ನ್‌ಹೋಫನ್ನಿನ ನುಣುಪಾದ ಸುಣ್ಣಕಲ್ಲು. ಅದೇ ಕಲ್ಲಿನಲ್ಲಿ ಸಿಕ್ಕ ಒಂದು ಗರಿಯನ್ನು ನೋಡಿಯೇ 1861ರಲ್ಲಿ ಜರ್ಮನ್ ವಿಜ್ಞಾನಿ ಹರ್ಮನ್ ಫಾನ್ ಮೇಯರ್ ಒಂದು ಪುರಾತನ ಹಕ್ಕಿಗೆ ಆರ್ಕಿಯಾಪ್ಟೆರಿಕ್ಸ್ ಲಿಥೋಗ್ರಾಫಿಕಾ ಎಂದು ಹೆಸರಿಟ್ಟರು. ಪಳೆಯುಳಿಕೆ ಕೊಟ್ಟ ಕಲ್ಲೇ ಪಳೆಯುಳಿಕೆಯ ಚಿತ್ರವನ್ನೂ ಕೊಟ್ಟಿತು. ನಾನು ಈ ಹಾಳೆಗಳಿಗೆ ಮನಸೋತದ್ದು ಇದಕ್ಕೇ.

ಕರಾವಳಿಯ ಮಳೆಗಾಲದಲ್ಲಿ ಇವನ್ನು ಕಾಪಾಡುವುದೇ ದೊಡ್ಡ ಕೆಲಸ. ಆಮ್ಲವಿಲ್ಲದ ಹಾಳೆಗಳ ನಡುವೆ ಮಲಗಿಸಿ, ಪೆಟ್ಟಿಗೆಯಲ್ಲಿ ತೇವ ಹೀರುವ ಸಿಲಿಕಾ ಜೆಲ್ ಇಡುತ್ತೇನೆ. ಟೇಪು, ಲ್ಯಾಮಿನೇಷನ್ ಬೇಡವೇ ಬೇಡ. ಗೋಡೆಗೆ ಹಾಕುವುದಾದರೆ ಬಿಸಿಲು ಬೀಳದ ಗೋಡೆಗೆ, ಗಾಜಿಗೆ ತಾಗದಂತೆ.

ಇನ್ನೊಂದು ಮಾತು. ಇಡೀ ಪುಸ್ತಕವನ್ನು ಕತ್ತರಿಸಿ ಹಾಳೆ ಮಾರುವವರಿದ್ದಾರೆ. ಮೊದಲೇ ಬಿಡಿಯಾಗಿದ್ದ ಹಾಳೆಯೋ, ಈಗ ಕಿತ್ತದ್ದೋ ಎಂದು ಕೇಳಿಯೇ ದುಡ್ಡು ಕೊಡುತ್ತೇನೆ.